ಎಫ್‌ಎಯಲ್ಲಿ 20ಕ್ಕೆ 19, ಪ್ರಿಪರೇಟರಿಯಲ್ಲಿ 80ಕ್ಕೆ 31: ಯಾವ ಅಂಕ ನಂಬೋದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಮಗಳು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಳೆ. ಗಣಿತದ ನಾಲ್ಕು ಎಫ್‌ಎಗಳಲ್ಲಿ (ವರ್ಷದುದ್ದಕ್ಕೂ ಶಾಲೆಯಲ್ಲೇ ಮಾಡುವ ಮೌಲ್ಯಮಾಪನ) 50ಕ್ಕೆ 47, 48, 46, 49 ಬಂದಿದೆ. ಆಂತರಿಕ ಅಂಕ 20ಕ್ಕೆ 19 ಎಂದು ಶಾಲೆಯಲ್ಲಿ ಹೇಳಿದ್ದಾರೆ. ಆದರೆ ಮೊದಲ ಪ್ರಿಪರೇಟರಿಯಲ್ಲಿ (ಪೂರ್ವಸಿದ್ಧತಾ ಪರೀಕ್ಷೆ) ಗಣಿತಕ್ಕೆ 80ಕ್ಕೆ ಬರೀ 31. ಉಳಿದ ವಿಷಯಗಳಲ್ಲಿ ಪರವಾಗಿಲ್ಲ. ‘ಪರೀಕ್ಷೆ-1ರಲ್ಲಿ ಗಣಿತ ಬಿಟ್ಟುಬಿಡಿ, ಪರೀಕ್ಷೆ-2ರ ಪೇಪರ್ ಸುಲಭ ಇರುತ್ತೆ, ಅದರಲ್ಲಿ ಬರೆಸಿ’ ಅಂತ ನನ್ನ ಮೈದುನ ಹೇಳುತ್ತಾರೆ. (ಪರೀಕ್ಷೆ-1 ಅಂದರೆ ಬೋರ್ಡ್‌ನ ಮುಖ್ಯ ಪರೀಕ್ಷೆ, ಪರೀಕ್ಷೆ-2 ಅಂದರೆ ಅದಾದ ಮೇಲೆ ಮತ್ತೆ ಬರೆಯುವ ಅವಕಾಶ.) ಪರೀಕ್ಷೆ-2 ಬರೆದರೆ ಫೇಲಾದವಳು ಅಂತ ಅಂಕಪಟ್ಟಿಯಲ್ಲಿ ಗುರುತು ಬೀಳುತ್ತೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಗಳಿಗೆ ಪಿಯು ಸೈನ್ಸ್ ತೆಗೆದುಕೊಳ್ಳುವ ಆಸೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂರುತ್ತಾಳೆ, ಪುಸ್ತಕ ತೆರೆದು ಸುಮ್ಮನೆ ಅಳುತ್ತಾಳೆ. ಯಾವ ಅಂಕ ನಿಜ? ಏನು ಮಾಡಲಿ? (ಉತ್ತರಪತ್ರಿಕೆಯ ಫೋಟೋಗಳನ್ನು ಕಳಿಸಿದ್ದೇನೆ.)

ಉತ್ತರ: ಮೊದಲು ಒಂದು ಮಾತು. ಪತ್ರದ ಜೊತೆ ಉತ್ತರಪತ್ರಿಕೆಯನ್ನೂ ಕಳಿಸಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಬೇಸಿಗೆ ಬಂದರೆ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದೆ. ಅಷ್ಟು ವರ್ಷದಲ್ಲಿ ‘ಎಷ್ಟು ಬಂತು?’ ಎಂದು ಕೇಳಿದ ಪೋಷಕರು ಸಾವಿರ ಜನ. ‘ಎಲ್ಲಿ ಹೋಯಿತು?’ ಎಂದು ಪತ್ರಿಕೆ ಬಿಡಿಸಿ ನೋಡಿದವರು ಕೈಬೆರಳಿನಷ್ಟು.

ನಿಮ್ಮ ಭಯ ನನಗೆ ಅರ್ಥವಾದದ್ದು ಹೀಗೆ. ವರ್ಷವಿಡೀ ಜಾಣೆ ಎಂದುಕೊಂಡಿದ್ದ ಮಗಳು ಈಗ ಕೈಕೊಡುತ್ತಾಳೇನೋ. ಹಾಗಾದರೆ ಆ 19 ಸುಳ್ಳಾ? ಸುಳ್ಳಲ್ಲ. 31 ಕೂಡ ಸುಳ್ಳಲ್ಲ. ಆದರೆ ಎರಡೂ ಅಳೆದಿರುವುದು ಬೇರೆ ಬೇರೆ ವಸ್ತುವನ್ನು.

ಎಫ್‌ಎ ಲೆಕ್ಕ ನೋಡಿ. ಒಂದೊಂದು ಎಫ್‌ಎಗೆ 50 ಅಂಕ. ಅದರಲ್ಲಿ 15 ಅಂಕದ ಎರಡು ಚಟುವಟಿಕೆ, ಉಳಿದ 20 ಅಂಕಕ್ಕೆ ಕಿರುಪರೀಕ್ಷೆ. ನಾಲ್ಕು ಎಫ್‌ಎ ಸೇರಿದರೆ 200. ಅದನ್ನು ಹತ್ತರಿಂದ ಭಾಗಿಸಿದರೆ 20. ನಿಮ್ಮ ಮಗಳದು 190, ಹಾಗಾಗಿ 19. (ಪ್ರಥಮ ಭಾಷೆಗೆ ಮಾತ್ರ ಎಂಟರಿಂದ ಭಾಗಿಸಿ 25ಕ್ಕೆ ಇಳಿಸುತ್ತಾರೆ. ಅದರ ಲಿಖಿತ ಪರೀಕ್ಷೆ 100ಕ್ಕೆ. ಉಳಿದ ಐದು ವಿಷಯಗಳಿಗೆ 80 ಮತ್ತು 20. ಒಟ್ಟು 625 ಆಗುವುದು ಹೀಗೆ.) ಅಂದರೆ ಎಫ್‌ಎ ಅಂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಚಟುವಟಿಕೆಯದ್ದು. ಚಾರ್ಟ್, ಪ್ರಾಜೆಕ್ಟ್ ಪುಸ್ತಕ, ಥರ್ಮಾಕೋಲ್ ಮಾದರಿ. ಕಿರುಪರೀಕ್ಷೆಯೂ ಆಗತಾನೆ ಮುಗಿದ ಒಂದೆರಡು ಪಾಠದ ಮೇಲೆ. ಹೋದ ವಾರ ಕಲಿತದ್ದನ್ನು ಈ ವಾರ ಬರೆಯುವುದು ಕಷ್ಟವಲ್ಲ.

ಇನ್ನೊಂದು ವಿಷಯ ಮುಚ್ಚಿಡುವುದು ಬೇಡ. ಆಂತರಿಕ ಅಂಕ ಕೊಡುವಾಗ ಮೇಷ್ಟ್ರುಗಳ ಕೈ ಧಾರಾಳ. ನಾನೂ ಹಾಗೇ ಕೊಟ್ಟವನು. ಪಕ್ಕದ ಶಾಲೆಯಲ್ಲಿ ಎಲ್ಲರಿಗೂ 19 ಕೊಟ್ಟಿರುವಾಗ ನಮ್ಮ ಮಕ್ಕಳಿಗೆ 14 ಹಾಕಲು ಮನಸ್ಸು ಬರುವುದಿಲ್ಲ. ತಪ್ಪು ಅಂತ ಗೊತ್ತಿದ್ದೂ ಕೊಟ್ಟಿದ್ದೇನೆ. ಪ್ರಿಪರೇಟರಿ ಬಂದಾಗ ಅದೇ ಕೈ ಬಿಗಿಯಾಗುತ್ತದೆ. ‘ಸ್ವಲ್ಪ ಹೆದರಲಿ, ಓದುತ್ತಾರೆ’ ಎಂಬ ಲೆಕ್ಕಾಚಾರ. ಹೀಗೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ನಡುವಿನ ಹಳ್ಳ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಉತ್ತರಪತ್ರಿಕೆಗೆ ಬರೋಣ. ರಾತ್ರಿ ಕೂತು ಪುಟಪುಟ ನೋಡಿದೆ. ಹೋಗಿರುವುದು 49 ಅಂಕ. ಅದನ್ನು ಮೂರು ಗುಂಪು ಮಾಡಿದೆ.

ಮೊದಲ ಗುಂಪು ಬರೆಯದೇ ಬಿಟ್ಟದ್ದು: 18 ಅಂಕ. ಕೊನೆಯ ಐದು ಅಂಕದ ಪ್ರಶ್ನೆ, ನಾಲ್ಕು ಅಂಕದ ಎರಡು, ಮೂರು ಅಂಕದ ಒಂದು, ಜೊತೆಗೆ ಒಂದು ಅಂಕದ ಎರಡು ಬಹು ಆಯ್ಕೆ ಪ್ರಶ್ನೆ. ಗ್ರಾಫ್ ಹಾಳೆ ಬೆಳ್ಳಗೆ ಹಾಗೇ ಇದೆ. ಇದು ಗೊತ್ತಿಲ್ಲದೆ ಬಿಟ್ಟದ್ದಲ್ಲ. ಮೊದಲ ಪುಟಗಳ ಅಂಚು ನೋಡಿ, ಒಂದು ಅಂಕದ ಪ್ರಶ್ನೆಗೆ ಎಂಟು ಸಾಲು ಲೆಕ್ಕ ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದಾಳೆ. ಟೈಮ್ ಹೋದದ್ದು ಅಲ್ಲಿ. ಗಣಿತದ ಪತ್ರಿಕೆಯಲ್ಲಿ 38 ಪ್ರಶ್ನೆ ಇರುತ್ತವೆ. ಅದರಲ್ಲಿ ಮೊದಲ ಹದಿನಾರು ಒಂದೊಂದೇ ಅಂಕದವು. ಓದಿಕೊಳ್ಳಲು ಕೊಡುವ 15 ನಿಮಿಷ ಬಿಟ್ಟರೆ ಬರೆಯಲು ಮೂರು ಗಂಟೆ. ಅಂದರೆ ಒಂದು ಅಂಕಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ. ಆ ಹದಿನಾರು ಪ್ರಶ್ನೆ ಅರ್ಧ ಗಂಟೆ ದಾಟಬಾರದು. ಇನ್ನು ಬಹು ಆಯ್ಕೆ ಪ್ರಶ್ನೆಗೆ ತಪ್ಪು ಬರೆದರೆ ಅಂಕ ಕಳೆಯುವ ಪದ್ಧತಿ ಎಸ್‌ಎಸ್‌ಎಲ್‌ಸಿಯಲ್ಲಿ ಇಲ್ಲ. ಖಾಲಿ ಬಿಡುವುದರಲ್ಲಿ ಅರ್ಥವೇ ಇಲ್ಲ.

ಎರಡನೇ ಗುಂಪು ಗೊತ್ತಿದ್ದೂ ಎಡವಿದ್ದು: 17 ಅಂಕ. ವರ್ಗ ಸಮೀಕರಣದ ಒಂದು ಲೆಕ್ಕ ನೋಡಿ. 2ಎಕ್ಸ್² − 5ಎಕ್ಸ್ + 3 = 0. ಸೂತ್ರ ಸರಿಯಾಗಿ ಬರೆದಿದ್ದಾಳೆ. ಎ, ಬಿ, ಸಿ ಬೆಲೆಯನ್ನೂ ಸರಿಯಾಗಿ ಗುರುತಿಸಿದ್ದಾಳೆ. ಬಿ ಬೆಲೆ −5. ಸೂತ್ರದಲ್ಲಿ ಮೈನಸ್ ಬಿ ಇರುವುದರಿಂದ ಅದು +5 ಆಗಬೇಕಿತ್ತು. ಅವಳು −5 ಅಂತಲೇ ಇಳಿಸಿದ್ದಾಳೆ. ವರ್ಗಮೂಲದೊಳಗಿನ 25 − 24 ಸರಿಯಾಗಿದೆ. 1 ಮತ್ತು 3/2 ಬರಬೇಕಿದ್ದ ಕಡೆ −1 ಮತ್ತು −3/2 ಬಂದಿದೆ. ಶಾಲೆಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ಸೊನ್ನೆ ಹಾಕಿದ್ದಾರೆ.

ಬೋರ್ಡ್ ಮೌಲ್ಯಮಾಪನದಲ್ಲಿ ಹೀಗೆ ಮಾಡುವಂತಿಲ್ಲ. ನಮ್ಮ ಕೈಗೆ ಮಾದರಿ ಉತ್ತರ ಕೊಟ್ಟಿರುತ್ತಾರೆ. ಅದರಲ್ಲಿ ಪ್ರತಿ ಹಂತದ ಪಕ್ಕ ಅರ್ಧ, ಒಂದು ಎಂದು ಅಂಕ ನಮೂದಾಗಿರುತ್ತದೆ. ಎರಡು ಅಂಕದ ಈ ಲೆಕ್ಕಕ್ಕೆ ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಸುಲಭೀಕರಣಕ್ಕೆ ಅರ್ಧ, ಮೂಲಗಳಿಗೆ ಅರ್ಧ, ಸಾಮಾನ್ಯವಾಗಿ ಹೀಗೆ ಹಂಚಿರುತ್ತಾರೆ. ಕೊನೆಯ ಉತ್ತರ ತಪ್ಪಾದರೂ ಸರಿಯಾದ ಹಂತದ ಅಂಕ ಕೊಡಲೇಬೇಕು. ಕೊಡದಿದ್ದರೆ ಮೇಲಿರುವ ಉಪ ಮುಖ್ಯ ಮೌಲ್ಯಮಾಪಕರು ಮಾದರಿಗೆಂದು ಕೆಲವು ಪತ್ರಿಕೆ ತೆಗೆದು ನೋಡುವಾಗ ಸಿಕ್ಕಿಬೀಳುತ್ತೇವೆ. ನಾನು ತಿದ್ದಲು ಶುರು ಮಾಡಿದ ಮೊದಲ ವರ್ಷ ಹೀಗೇ ಸಿಕ್ಕಿಬಿದ್ದು, ಎಲ್ಲರ ಎದುರು ಹನ್ನೆರಡು ಪತ್ರಿಕೆ ಮತ್ತೆ ತಿದ್ದಿದ್ದೆ. ಅವತ್ತು ಆದ ಅವಮಾನ ಆಮೇಲೆ ಎಷ್ಟೋ ಮಕ್ಕಳಿಗೆ ಒಳ್ಳೆಯದು ಮಾಡಿತು.

ನಿಮ್ಮ ಮಗಳ ಪತ್ರಿಕೆಯನ್ನು ಅದೇ ಅಳತೆಯಲ್ಲಿ ತಿದ್ದಿದರೆ ಈ ಗುಂಪಿನ 17ರಲ್ಲಿ ಆರೇಳು ಅಂಕ ವಾಪಸ್ ಬರುತ್ತದೆ. ನನ್ನ ಲೆಕ್ಕದಲ್ಲಿ ಅವಳದು 31 ಅಲ್ಲ, 37ರ ಆಸುಪಾಸು.

ಮೂರನೇ ಗುಂಪು ನಿಜವಾಗಿ ಬಾರದೇ ಇದ್ದದ್ದು: 14 ಅಂಕ. ತ್ರಿಕೋನಮಿತಿಯ ಸಾಧನೆ ಲೆಕ್ಕಗಳು, ಘನಫಲದ ಒಂದು ದೊಡ್ಡ ಲೆಕ್ಕ. ತ್ರಿಕೋನಮಿತಿಯಲ್ಲಿ ಎಡಭಾಗ ಬರೆದು, ಬಲಭಾಗ ಬರೆದು, ನಡುವೆ ಏನೇನೋ ತುಂಬಿಸಿದ್ದಾಳೆ. ಬಾಯಿಪಾಠ ಮಾಡಿ ಮಧ್ಯದ ಸಾಲು ಮರೆತಿರುವುದು ಕಣ್ಣಿಗೆ ಕಾಣುತ್ತದೆ. ಇದಕ್ಕೆ ಮತ್ತೆ ಬರುತ್ತೇನೆ.

ಈಗ ಸುತ್ತಮುತ್ತ ಕೇಳಿಬರುವ ಮಾತುಗಳು.

‘ಪರೀಕ್ಷೆ-2ರ ಪೇಪರ್ ಸುಲಭ.’ ಇದು ಊಹೆ ಅಷ್ಟೇ. ಎರಡಕ್ಕೂ ನೀಲನಕ್ಷೆ ಒಂದೇ. ಎಷ್ಟು ಸುಲಭದ ಪ್ರಶ್ನೆ, ಎಷ್ಟು ಕಷ್ಟದ್ದು ಎಂಬ ಪ್ರಮಾಣವೂ ಒಂದೇ. ಮೈದುನರಿಗೆ ಹೀಗೆ ಹೇಳಿ: ಪತ್ರಿಕೆ ಸುಲಭ ಇರುತ್ತದೆ ಎಂದು ನಂಬಿ ಕೂತವರಿಗೆ ಅದು ಇನ್ನೂ ಕಷ್ಟ.

‘ಅಂಕಪಟ್ಟಿಯಲ್ಲಿ ಫೇಲ್ ಗುರುತು ಬೀಳುತ್ತೆ.’ ಇದು ಪೂರಕ ಪರೀಕ್ಷೆ ಇದ್ದ ಕಾಲದ ಭಯ. 2023-24ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ತಂದಾಗ ‘ಪೂರಕ’ ಎಂಬ ಪದವನ್ನೇ ಕೈಬಿಟ್ಟರು. ಉದ್ದೇಶವೂ ಅದೇ ಆಗಿತ್ತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂತೋ ಅದನ್ನು ಉಳಿಸಿಕೊಳ್ಳಬಹುದು. ಎರಡನೇ ಸಲ ಕಡಿಮೆ ಬಂದರೆ ಮೊದಲಿನದು ಎಲ್ಲೂ ಹೋಗುವುದಿಲ್ಲ.

‘ಅಕ್ಷರ ಚೆನ್ನಾಗಿಲ್ಲದಿದ್ದರೆ ಅಂಕ ಹೋಗುತ್ತೆ.’ ಗಣಿತದಲ್ಲಿ ಇಲ್ಲ. ಅಕ್ಷರ ಓದುವ ಹಾಗಿದ್ದರೆ ಸಾಕು. ಆದರೆ ಪ್ರಶ್ನೆ ಸಂಖ್ಯೆ ತಪ್ಪು ಹಾಕಬೇಡ ಎಂದು ಮಗಳಿಗೆ ಹೇಳಿ. ನಾಲ್ಕು ಅಂಕದ ಉತ್ತರ ಎಲ್ಲೋ ಸಂಖ್ಯೆಯಿಲ್ಲದೆ ಕೂತಿದ್ದರೆ, ದಿನಕ್ಕೆ ಅಷ್ಟೊಂದು ಪತ್ರಿಕೆ ನೋಡುವ ಕಣ್ಣಿಗೆ ತಪ್ಪಿಹೋಗುವುದುಂಟು.

‘ಈಗ ಪಾಸಾಗೋದು ಸುಲಭ, ಚಿಂತೆ ಯಾಕೆ?’ ಇದನ್ನು ನೀವು ಬರೆದಿಲ್ಲ. ಆದರೆ ಊರಲ್ಲಿ ಕೇಳಿರುತ್ತೀರಿ. ಪಾಸಾಗಲು ಬೇಕಾದ ಅಂಕ ಬಹಳ ವರ್ಷ ಶೇ 35 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್, ಅಂದರೆ ನೇರ ನಿಗಾ, ಶುರು ಮಾಡಿದರು. ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ! ಆ ಧಾರಾಳಕ್ಕೆ ಟೀಕೆ ಬಂದು, ಮುಂದಿನ ವರ್ಷದಿಂದ ಅದು ನಿಂತಿತು. 2025-26ರಿಂದ ನಿಯಮ ಮತ್ತೆ ಬದಲಾಗಿದೆ. ಆಂತರಿಕ ಅಂಕವೂ ಸೇರಿ 625ಕ್ಕೆ 206, ಅಂದರೆ ಶೇ 33 ಬರಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು. ನಿಮ್ಮ ಮಗಳದು ಈಗಲೇ 31 + 19, ಗಣಿತದಲ್ಲಿ 50. ಪಾಸಾಗುವುದು ಅವಳ ಸಮಸ್ಯೆಯೇ ಅಲ್ಲ. ಸೈನ್ಸ್ ಓದುವ ಹುಡುಗಿಗೆ ಆ ಅಳತೆ ಬೇಡ.

ಅಳತೆ ಬದಲಾದರೆ ಅಂಕ ಹೇಗೆ ಕುಣಿಯುತ್ತದೆ ಎಂಬುದಕ್ಕೆ ಕೊರೊನಾ ವರ್ಷ ನೋಡಿ. 2021ರ ಜುಲೈ 19 ಮತ್ತು 22, ಎರಡೇ ದಿನ ಪರೀಕ್ಷೆ. ಎಲ್ಲ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಹಾಳೆ. ಹೆಚ್ಚುಕಡಿಮೆ ಬರೆದವರೆಲ್ಲ ಪಾಸು. ಆ ವರ್ಷದ ಮಕ್ಕಳು ಹಿಂದಿನವರಿಗಿಂತ ದಡ್ಡರೂ ಅಲ್ಲ, ಜಾಣರೂ ಅಲ್ಲ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ.

ಮೈದುನರು ಹೇಳಿದ ದಾರಿ, ಅಂದರೆ ಪರೀಕ್ಷೆ-1ರಲ್ಲಿ ಗಣಿತ ಬಿಡುವುದು. ಇದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ, ಬಿಟ್ಟರೆ ಒಂದು ಅವಕಾಶ ಸುಮ್ನೆ ಹೋಯಿತು. ಇನ್ನೊಂದು ತೊಂದರೆ ಪಿಯು ಪ್ರವೇಶದ್ದು. ಪರೀಕ್ಷೆ-1ರ ಫಲಿತಾಂಶ ಬಂದ ಕೂಡಲೇ ಕಾಲೇಜುಗಳಲ್ಲಿ ಅರ್ಜಿ ಶುರುವಾಗುತ್ತದೆ. ಎರಡನೇ ಫಲಿತಾಂಶದವರಿಗೂ ಪ್ರವೇಶ ಸಿಗುತ್ತದೆ, ನಿಜ. ಆದರೆ ಬೇಡಿಕೆ ಇರುವ ಕಾಲೇಜಿನ ಸೈನ್ಸ್ ಸೀಟು ಅಲ್ಲಿಯವರೆಗೆ ಕಾದು ಕೂತಿರುತ್ತದೆ ಎನ್ನಲು ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ‘ನೀನು ಬರೆಯಬೇಡ’ ಅಂದರೆ ಅವಳ ಕಿವಿಗೆ ‘ನಿನ್ನ ಕೈಲಿ ಆಗಲ್ಲ’ ಅಂತ ಕೇಳಿಸುತ್ತದೆ.

‘ಪಾಸಿಂಗ್ ಪ್ಯಾಕೇಜ್’ ದಾರಿ. ಗ್ರಾಫ್, ಪ್ರಮೇಯ, ಸರಾಸರಿ, ಇಂಥ ಖಚಿತವಾಗಿ ಬರುವ ಪ್ರಶ್ನೆಗಳನ್ನೇ ತಿದ್ದಿ ತೀಡುವುದು. ಫೇಲಾಗುವ ಅಂಚಿನಲ್ಲಿರುವ ಮಕ್ಕಳಿಗೆ ಇದು ವರ. ನಾನೇ ಎಷ್ಟೋ ಮಕ್ಕಳನ್ನು ಹೀಗೆ ದಡ ಸೇರಿಸಿದ್ದೇನೆ. ನಿಮ್ಮ ಮಗಳಿಗೆ ಇದು ಮೊದಲ ಮೆಟ್ಟಿಲು ಮಾತ್ರ. ರೇಖಾತ್ಮಕ ಸಮೀಕರಣಗಳ ಗ್ರಾಫ್ ನಾಲ್ಕು ಅಂಕದ್ದು. ಹತ್ತು ನಿಮಿಷದ ಕೆಲಸ. ಅದನ್ನು ಖಾಲಿ ಬಿಟ್ಟು ಬರುವುದು ಅಂಗಡಿಯಲ್ಲಿ ಚಿಲ್ಲರೆ ಮರೆತು ಬಂದ ಹಾಗೆ.

ಹೊಸ ಟ್ಯೂಷನ್, ಕ್ರ್ಯಾಶ್ ಕೋರ್ಸ್. ಬೇಡ. ಇಷ್ಟು ತಡವಾಗಿ ಹೊಸ ಮೇಷ್ಟ್ರು ಬಂದರೆ ಹೊಸ ವಿಧಾನ ಬರುತ್ತದೆ, ಹಳೆಯದೂ ಕಲಸಿಹೋಗುತ್ತದೆ.

ನಾನಾದರೆ ಏನು ಮಾಡುತ್ತಿದ್ದೆ? ಪರೀಕ್ಷೆ-1 ಎಲ್ಲ ವಿಷಯವನ್ನೂ ಬರೆಸುತ್ತಿದ್ದೆ. ಅದಕ್ಕೆ ಮೊದಲು ಮೊದಲ ಎರಡು ಗುಂಪನ್ನು ಹಿಡಿಯುತ್ತಿದ್ದೆ. ವಾರಕ್ಕೆ ಎರಡು ಹಳೆಯ ಪತ್ರಿಕೆ, ಗಡಿಯಾರ ಮುಂದಿಟ್ಟುಕೊಂಡು, ಮಧ್ಯೆ ಏಳದೆ, ಪೂರ್ತಿ ಮೂರು ಗಂಟೆ. ಮಾದರಿ ಪ್ರಶ್ನೆಪತ್ರಿಕೆಗಳು ಮಂಡಳಿಯ ಜಾಲತಾಣದಲ್ಲೇ ಇವೆ. ಪರೀಕ್ಷೆಯಾದ ಮೇಲೆ ಮಂಡಳಿ ಕೀ ಉತ್ತರವನ್ನೂ ಪ್ರಕಟಿಸುತ್ತದೆ. ಹಿಂದಿನ ವರ್ಷದ ಕೀ ಉತ್ತರ ಮುಂದಿಟ್ಟುಕೊಂಡು ಅವಳೇ ತನ್ನ ಪತ್ರಿಕೆ ತಿದ್ದಿಕೊಳ್ಳಲಿ, ಕೆಂಪು ಪೆನ್ನು ಅವಳ ಕೈಯಲ್ಲೇ ಇರಲಿ. ಅರ್ಧ ಅಂಕ ಎಲ್ಲಿ ಸಿಗುತ್ತದೆ ಎಂದು ಒಮ್ಮೆ ಕಂಡ ಮಗು ಆಮೇಲೆ ಹಂತ ಬಿಡುವುದಿಲ್ಲ. ನಿಮಗೆ ಗಣಿತ ಬರಬೇಕೆಂದಿಲ್ಲ. ಹೊಲಿಗೆ ಯಂತ್ರದ ಪಕ್ಕ ಅವಳನ್ನು ಕೂರಿಸಿ ಟೈಮ್ ಹೇಳಿದರೆ ಸಾಕು. ‘ಅರ್ಧ ಗಂಟೆ ಆಯ್ತು, ಒಂದು ಅಂಕದ್ದು ಮುಗೀತಾ?’ ಅಷ್ಟೇ.

ಹೀಗೆ ಮಾಡಿದರೆ ಪರೀಕ್ಷೆ-1ರಲ್ಲಿ 80ಕ್ಕೆ 55ರ ಮೇಲೆ ನಿರೀಕ್ಷಿಸಬಹುದು. ಭರವಸೆ ಕೊಡುತ್ತಿಲ್ಲ. ಪತ್ರಿಕೆ ನೋಡಿದವನ ಅಂದಾಜು. ಬಂದದ್ದು ಸಾಲದು ಎನಿಸಿದರೆ ಪರೀಕ್ಷೆ-2ರಲ್ಲಿ ಗಣಿತ ಒಂದನ್ನೇ ಬರೆಯಲಿ.

ಈಗ ಆ ಮೂರನೇ ಗುಂಪು. ಅಂಕದ ದೃಷ್ಟಿಯಿಂದ ಅದು 14 ಮಾತ್ರ, ಕೈಬಿಟ್ಟರೂ ನಡೆದೀತು. ಸಾಮಾನ್ಯವಾಗಿ ಮೇಷ್ಟ್ರುಗಳು ಬಿಡಿ ಅಂತಲೇ ಹೇಳುತ್ತಾರೆ. ಆದರೆ ನಿಮ್ಮ ಮಗಳು ಕೇಳುತ್ತಿರುವುದು ಸೈನ್ಸ್. ಪಿಯುನಲ್ಲಿ ಭೌತಶಾಸ್ತ್ರದ ಮೊದಲ ಅಧ್ಯಾಯಗಳಲ್ಲೇ ಸೈನ್, ಕಾಸ್ ಬೇಕು. ಗಣಿತದಲ್ಲಂತೂ ತ್ರಿಕೋನಮಿತಿ ಇಲ್ಲದೆ ಹೆಜ್ಜೆ ಇಡಲಾಗದು. ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ತರುವ ಗ್ರಾಫ್ ಅಲ್ಲಿ ಅವಳನ್ನು ಕಾಪಾಡುವುದಿಲ್ಲ. ಹಾಗಾಗಿ ಪರೀಕ್ಷೆ-1 ಮುಗಿದ ಮೇಲೆ, 80ಕ್ಕೆ 75 ಬಂದರೂ ಸರಿ, ಬೇಸಿಗೆ ರಜೆಯಲ್ಲಿ ತ್ರಿಕೋನಮಿತಿಯನ್ನು ಮೊದಲಿಂದ ಕಲಿಯಲಿ. ಬಾಯಿಪಾಠ ಬೇಡ. ಲಂಬಕೋನ ತ್ರಿಭುಜ ಬರೆದು, ಬಾಹು ಅಳೆದು, ಭಾಗಿಸಿ ನೋಡುವುದರಿಂದ ಶುರುವಾಗಲಿ. ಅದು ಹತ್ತಿರ ಬರಲೇ ಇಲ್ಲ ಎಂದರೆ ಪಿಯುನಲ್ಲಿ ಯಾವ ವಿಷಯಗಳ ಕಾಂಬಿನೇಷನ್ ಎಂಬ ಬಗ್ಗೆ ಇನ್ನೊಮ್ಮೆ ಕೂತು ಮಾತಾಡಿ. ಇದು ಸೋಲಿನ ಮಾತಲ್ಲ. 90 ತೆಗೆದು ಸೈನ್ಸ್ ಸೇರಿ ಮೊದಲ ವರ್ಷವೇ ಕುಸಿದ ಮಕ್ಕಳನ್ನು ಬಹಳ ನೋಡಿದ್ದೇನೆ.

ಎಸ್‌ಎಸ್‌ಎಲ್‌ಸಿ ಅಂಕ ಮುಂದೆ ಎಲ್ಲೆಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದೂ ಗೊತ್ತಿರಲಿ. ಪಿಯು ಮತ್ತು ಡಿಪ್ಲೊಮಾ ಪ್ರವೇಶಕ್ಕೆ ಬರುತ್ತದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಲಿಖಿತ ಪರೀಕ್ಷೆಯೇ ಇಲ್ಲ, ಹತ್ತನೇ ತರಗತಿಯ ಅಂಕವೇ ಆಧಾರ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಇದು ಬರುವುದಿಲ್ಲ, ಅಲ್ಲಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ.

ಫಲಿತಾಂಶ ಬಂದ ಮೇಲೆ ಅನುಮಾನ ಬಂದರೆ ನೇರವಾಗಿ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಬೇಡಿ. ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. ಗಣಿತದ ಮೇಷ್ಟ್ರಿಗೆ ತೋರಿಸಿ. ಕೂಡುವುದರಲ್ಲಿ ತಪ್ಪಾಗಿದ್ದರೆ ಮರುಎಣಿಕೆ ಸಾಕು. ಹಂತದ ಅಂಕ ಬಿಟ್ಟುಹೋಗಿದ್ದರೆ, ಯಾವುದೋ ಪುಟ ತಿದ್ದದೇ ಉಳಿದಿದ್ದರೆ ಮಾತ್ರ ಮರುಮೌಲ್ಯಮಾಪನ. ‘ಜಾಸ್ತಿ ಬರಬೇಕಿತ್ತು ಅನ್ನಿಸುತ್ತೆ’ ಎಂಬ ಒಂದೇ ಕಾರಣಕ್ಕೆ ಅರ್ಜಿ ಹಾಕಿದವರು ದುಡ್ಡು ಕಳೆದುಕೊಂಡದ್ದೇ ಹೆಚ್ಚು. ಅರ್ಜಿಗೆ ದಿನ ಬಹಳ ಕಡಿಮೆ ಕೊಡುತ್ತಾರೆ, ಅದನ್ನು ಮರೆಯಬೇಡಿ.

ಕೊನೆಗೆ ಬೆಳಗಿನ ನಾಲ್ಕು ಗಂಟೆ. ಕೆಲವು ಊರುಗಳಲ್ಲಿ ಮೇಷ್ಟ್ರುಗಳೇ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಅಭ್ಯಾಸ ಇದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ನಾನೂ ಎರಡು ವರ್ಷ ಮಾಡಿದೆ. ಆಮೇಲೆ ತರಗತಿಯಲ್ಲಿ ಅರ್ಧ ಮಕ್ಕಳು ತೂಕಡಿಸುವುದು ನೋಡಿ ನಿಲ್ಲಿಸಿದೆ. ಅಳುತ್ತಾ ಕೂತ ಎರಡು ಗಂಟೆಗಿಂತ ಆ ಎರಡು ಗಂಟೆಯ ನಿದ್ದೆ ಗಣಿತಕ್ಕೆ ಒಳ್ಳೆಯದು. ಆರಕ್ಕೆ ಏಳಲಿ. ಸಂಜೆ ಅರ್ಧ ಗಂಟೆ ಹೊರಗೆ ಓಡಾಡಲಿ. ಅಳು ನಿಲ್ಲದಿದ್ದರೆ, ಊಟ ಬಿಟ್ಟರೆ, ‘ನಾನು ಇರಲೇಬಾರದಿತ್ತು’ ಎಂಬ ಥರದ ಮಾತು ಬಂದರೆ ಪರೀಕ್ಷೆಯ ವಿಷಯ ಅಲ್ಲಿಗೇ ಪಕ್ಕಕ್ಕಿಡಿ. ಅವಳನ್ನು ಒಬ್ಬಳೇ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಮುಂದಿನ ಪ್ರಿಪರೇಟರಿಯ ಪತ್ರಿಕೆ ಕೈಗೆ ಬಂದಾಗ ನನಗೆ ಫೋಟೋ ಕಳಿಸಬೇಡಿ. ಬಿಟ್ಟದ್ದು ಎಷ್ಟು, ಎಡವಿದ್ದು ಎಷ್ಟು, ಬಾರದ್ದು ಎಷ್ಟು ಎಂದು ಅವಳೇ ಲೆಕ್ಕ ಹಾಕಿ ಮೂರು ಸಂಖ್ಯೆ ಬರೆದು ಕಳಿಸಲಿ. ಮೊದಲ ಸಂಖ್ಯೆ ಐದಕ್ಕಿಂತ ಕೆಳಗೆ ಬಂದಿದ್ದರೆ ನನಗೆ ಬರೆಯುವ ಅಗತ್ಯವೂ ಇಲ್ಲ.